ಮುಳುಗಿದ ಸೇತುವೆ, ಈಜುವ ಮೀನು: ಅಲೆಕ್ಸಿಸ್ ರಾಕ್‌ಮನ್ ಚಿತ್ರಗಳಲ್ಲಿ ಉಳಿಯುವುದು ಯಾರು?

ಉದ್ದ 24 ಅಡಿ, ಎತ್ತರ 8 ಅಡಿ. ನಮ್ಮಲ್ಲಿನ ಸಾಮಾನ್ಯ ಮನೆಯ ಹಾಲ್‌ನಲ್ಲಿ ಈ ಚಿತ್ರಕ್ಕೆ ಗೋಡೆ ಸಾಲುವುದಿಲ್ಲ. ಅದರಲ್ಲಿ ಇರುವುದು ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ದಂಡೆ. ಆದರೆ ಇವತ್ತಿನದ್ದಲ್ಲ, ಸುಮಾರು 3000 ವರ್ಷ ಕಳೆದ ಮೇಲಿನದ್ದು. ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿದೆ. ಸಮುದ್ರ ಊರೊಳಗೆ ಬಂದು ಕೂತಿದೆ. 1883ರಲ್ಲಿ ಜನರಿಗೆ ತೆರೆದ ಹೆಸರಾಂತ ಬ್ರೂಕ್ಲಿನ್ ಸೇತುವೆ ಮುರಿದು ಪಾಚಿ ಹಿಡಿದು ನಿಂತಿದೆ. ನೀರಿನ ಮೇಲೆ ಏನಿದೆ, ನೀರಿನ ಕೆಳಗೆ ಏನಿದೆ, ಎರಡನ್ನೂ ಒಟ್ಟಿಗೆ ನೋಡಬಹುದು. ಹಣ್ಣನ್ನು ಅಡ್ಡ ಕೊಯ್ದು ತೋರಿಸಿದ ಹಾಗೆ.

ಮನುಷ್ಯರು ಒಬ್ಬರೂ ಇಲ್ಲ. ಆದರೆ ಜೀವ ತುಂಬಿ ತುಳುಕುತ್ತಿದೆ. ಸೀಲ್‌ಗಳಿವೆ, ಹಕ್ಕಿಗಳಿವೆ, ದಪ್ಪ ದಪ್ಪ ಮೀನುಗಳಿವೆ. ಬರಿಗಣ್ಣಿಗೆ ಕಾಣದ ವೈರಸ್‌ಗಳನ್ನು ಕೂಡ ಚಿತ್ರಕಾರ ದೊಡ್ಡದಾಗಿ ಬರೆದು ನೀರಿನಲ್ಲಿ ತೇಲಿಬಿಟ್ಟಿದ್ದಾರೆ.

ಈ ಚಿತ್ರದ ಹೆಸರು 'ಮ್ಯಾನಿಫೆಸ್ಟ್ ಡೆಸ್ಟಿನಿ'. ಬರೆದವರು ಅಲೆಕ್ಸಿಸ್ ರಾಕ್‌ಮನ್. ಬ್ರೂಕ್ಲಿನ್ ಮ್ಯೂಸಿಯಂ ಹೇಳಿ ಬರೆಸಿದ್ದು, 2004ರಲ್ಲಿ ಅಲ್ಲೇ ಪ್ರದರ್ಶನಕ್ಕೆ ಬಂತು. ಈಗ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂನಲ್ಲಿದೆ. ಚಿತ್ರ ಬರೆಯುವ ಮೊದಲು ರಾಕ್‌ಮನ್ ವಿಜ್ಞಾನಿಗಳ ಹತ್ತಿರ ಹೋಗಿ ಕೂತು ಕೇಳಿಕೊಂಡಿದ್ದರು. ಅವರಲ್ಲಿ ಒಬ್ಬರು ಜೇಮ್ಸ್ ಹ್ಯಾನ್ಸೆನ್. 1988ರಲ್ಲಿ ಅಮೆರಿಕದ ಸೆನೆಟ್ ಮುಂದೆ ನಿಂತು, ಭೂಮಿ ಬಿಸಿಯಾಗುತ್ತಿದೆ ಎಂದು ಸಾಕ್ಷಿ ಹೇಳಿದ ಹವಾಮಾನ ವಿಜ್ಞಾನಿ. ಹಾಗಾಗಿ ಇದು ಸುಮ್ನೆ ಕೂತು ಕಟ್ಟಿದ ಕಲ್ಪನೆಯಲ್ಲ.

ಚಿತ್ರ ಬಂದು 8 ವರ್ಷ ಆಗಿತ್ತು. 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ನ್ಯೂಯಾರ್ಕಿಗೆ ಬಂತು. ಮ್ಯಾನ್‌ಹಟನ್ ತುದಿಯ ಅಳತೆಗಂಬದಲ್ಲಿ ನೀರು ಸುಮಾರು 14 ಅಡಿ ಮುಟ್ಟಿತು. ಈಸ್ಟ್ ನದಿಯ ಅಡಿ ಹಾದುಹೋಗುವ ಏಳು ಸಬ್‌ವೇ ಸುರಂಗಗಳಿಗೆ ನೀರು ನುಗ್ಗಿತು. ಬ್ರೂಕ್ಲಿನ್‌ನ ರೆಡ್ ಹುಕ್ ಬಡಾವಣೆ ಮುಳುಗಿತು. 3000 ವರ್ಷದ ನಂತರದ್ದು ಎಂದು ಬರೆದ ಚಿತ್ರದ ಒಂದು ಚೂರು ಒಂದೇ ರಾತ್ರಿ ಬಂದು ಹೋದ ಹಾಗಾಯಿತು.

ಈ ಚಿತ್ರದ ಬಗ್ಗೆ ಮಾತಾಡುವವರು ಜಾಸ್ತಿ ಮುರಿದ ಸೇತುವೆಯ ಬಗ್ಗೆ ಮಾತಾಡುತ್ತಾರೆ. ನನ್ನ ಕಣ್ಣು ನಿಲ್ಲುವುದು ಆ ಮೀನುಗಳ ಮೇಲೆ. ಪ್ರಕೃತಿಗೆ ತಾಳಿಕೆ ಇದೆ, ಪೆಟ್ಟು ತಿಂದರೂ ಚೇತರಿಸಿಕೊಳ್ಳುತ್ತದೆ ಎಂದು ನಾವು ಹೇಳುತ್ತಲೇ ಇರುತ್ತೇವೆ ಅಲ್ವಾ? ಇಲ್ಲಿ ಅದು ಚೇತರಿಸಿಕೊಂಡಿದೆ. ಹಾಗಾದರೆ ಇದನ್ನು ನೋಡಿ ಸಮಾಧಾನ ಪಡಬೇಕೇ? ಚೇತರಿಸಿಕೊಂಡದ್ದು ಯಾರು, ಯಾರನ್ನು ಬಿಟ್ಟು? ಕಳೆದ ಮೂವತ್ತು ನಲವತ್ತು ವರ್ಷಗಳಿಂದ ರಾಕ್‌ಮನ್ ಬರೆಯುತ್ತಿರುವ ಚಿತ್ರಗಳನ್ನು ಈ ಪ್ರಶ್ನೆ ಹಿಡಿದುಕೊಂಡು ನೋಡಿದರೆ ಬೇರೆಯೇ ಕಥೆ ತೆರೆದುಕೊಳ್ಳುತ್ತದೆ.

ಮೊದಲು ಆ ಹೆಸರಿನ ವಿಷಯ. 'ಮ್ಯಾನಿಫೆಸ್ಟ್ ಡೆಸ್ಟಿನಿ' ಎಂಬುದು 1845ರಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಚಲಾವಣೆಗೆ ಬಂದ ಮಾತು. ಪಶ್ಚಿಮದ ಕಡೆಗೆ ಹಬ್ಬಿ ಇಡೀ ಭೂಖಂಡವನ್ನು ತಮ್ಮದು ಮಾಡಿಕೊಳ್ಳುವುದು ಅಮೆರಿಕನ್ನರ ಹಣೆಬರಹದಲ್ಲೇ ಇದೆ, ದೇವರೇ ಹಾಗೆ ಬರೆದಿದ್ದಾನೆ ಎಂಬ ನಂಬಿಕೆ. 1872ರಲ್ಲಿ ಜಾನ್ ಗ್ಯಾಸ್ಟ್ ಎಂಬ ಚಿತ್ರಕಾರ ಈ ನಂಬಿಕೆಗೆ ಒಂದು ರೂಪ ಕೊಟ್ಟರು. ಬಿಳಿ ಬಟ್ಟೆ ತೊಟ್ಟ ಹೆಣ್ಣೊಬ್ಬಳು ಗಾಳಿಯಲ್ಲಿ ತೇಲುತ್ತಾ ಪಶ್ಚಿಮಕ್ಕೆ ಹೊರಟಿದ್ದಾಳೆ. ಒಂದು ಕೈಯಲ್ಲಿ ಶಾಲೆಯ ಪುಸ್ತಕ, ಜೊತೆಗೆ ಟೆಲಿಗ್ರಾಫ್ ತಂತಿ. ಹಿಂದೆ ರೈಲು, ರೈತರು, ಬೆಳಕು. ಮುಂದೆ ಕತ್ತಲು. ಆ ಕತ್ತಲಿಗೆ ಮೂಲನಿವಾಸಿಗಳೂ ಕಾಡೆಮ್ಮೆಗಳೂ ಓಡುತ್ತಿದ್ದಾರೆ. ನಾಗರಿಕತೆ ಬಂತು, ಕಾಡು ಜಾಗ ಬಿಡಬೇಕು, ಇಷ್ಟೇ ಅದರ ಮಾತು. ಚಿತ್ರದ ಅಳತೆ ಗೋಡೆ ಕ್ಯಾಲೆಂಡರಿನಷ್ಟೂ ಇಲ್ಲ. ಆದರೆ ಅದರ ಅಚ್ಚು ಪ್ರತಿಗಳು ಊರೂರಿಗೆ ಹೋದವು.

ರಾಕ್‌ಮನ್ ಅದೇ ಮಾತನ್ನು ತೆಗೆದುಕೊಂಡು 24 ಅಡಿ ಉದ್ದದ ಮುಳುಗಿದ ನಗರಕ್ಕೆ ಹೆಸರಿಟ್ಟರು. ಹಣೆಬರಹ ಎಂದು ಹೊರಟಿದ್ದು ಬಂದು ಮುಟ್ಟಿದ ಜಾಗ ಇದು ಎಂದು.

ರಾಕ್‌ಮನ್ ಹುಟ್ಟಿದ್ದು 1962ರಲ್ಲಿ, ನ್ಯೂಯಾರ್ಕಿನಲ್ಲಿ. ಅವರ ತಾಯಿ ಡಯಾನಾ ವಾಲ್ ಪುರಾತತ್ವ ತಜ್ಞೆ. ನ್ಯೂಯಾರ್ಕ್ ನಗರದ ಅಡಿಯಲ್ಲೇ ಹಳೆಯ ನಗರವನ್ನು ಅಗೆದು ಅಭ್ಯಾಸ ಮಾಡಿದವರು. ಕಾಲದ ಪದರಗಳನ್ನು ಅಡ್ಡ ಕೊಯ್ದು ನೋಡುವ ಕಣ್ಣು ಮಗನಿಗೆ ಮನೆಯಿಂದಲೇ ಬಂದಿರಬೇಕು ಅನಿಸುತ್ತದೆ. ಆಕೆ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಅವರ ಬಳಿ ಸ್ವಲ್ಪ ಕಾಲ ಕೆಲಸ ಮಾಡಿದ್ದರು. ಹಾಗಾಗಿ ಹುಡುಗನಿಗೆ ಆ ಮ್ಯೂಸಿಯಂ ಆಟದ ಮೈದಾನದಂತಾಯಿತು.

ಅಲ್ಲಿನ ಡಯೋರಾಮಾಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಗಾಜಿನ ಹಿಂದೆ ಒಂದು ಇಡೀ ಕಾಡು. ಮುಂದೆ ನಿಜವಾದ ಚರ್ಮ ಹೊದಿಸಿದ ಆನೆಯೋ ಗೊರಿಲ್ಲಾವೋ ನಿಂತಿರುತ್ತದೆ. ಹಿಂದಿನ ಬಾಗಿದ ಗೋಡೆಯ ಮೇಲೆ ಬೆಟ್ಟ, ಆಕಾಶ ಬರೆದಿರುತ್ತಾರೆ. ನೆಲದ ಗಿಡ ಎಲ್ಲಿ ಮುಗಿಯಿತು, ಬರೆದ ಗಿಡ ಎಲ್ಲಿ ಶುರುವಾಯಿತು ಎಂದು ಗೊತ್ತೇ ಆಗುವುದಿಲ್ಲ. ಆಫ್ರಿಕಾದ ಪ್ರಾಣಿಗಳ ಹಾಲ್ 1936ರಲ್ಲಿ ತೆರೆಯಿತು. ಕಾಡು ಕೈತಪ್ಪಿ ಹೋಗುತ್ತಿದೆ, ಹೋಗುವ ಮೊದಲು ಒಂದು ತುಣುಕನ್ನಾದರೂ ಉಳಿಸಿಡೋಣ ಎಂಬ ಕಾಳಜಿಯೂ ಅದರ ಹಿಂದೆ ಇತ್ತು. ಆದರೆ ಉಳಿಸಿದ್ದು ಕೊಂದ ಪ್ರಾಣಿಯನ್ನು. ಪ್ರಕೃತಿಯ ಮೇಲಿನ ಪ್ರೀತಿ ಮತ್ತು ಹಿಂಸೆ ಎರಡೂ ಒಂದೇ ಗಾಜಿನ ಹಿಂದೆ ನಿಂತಿವೆ. ರಾಕ್‌ಮನ್ ಚಿತ್ರಗಳ ಹೊಳಪು, ಆ ಅತಿ ಸ್ಪಷ್ಟತೆ, ಪ್ರತಿ ಗರಿ ಪ್ರತಿ ಪೊರೆ ಎಣಿಸಬಹುದಾದ ಬರವಣಿಗೆ, ಎಲ್ಲ ಅಲ್ಲಿಂದ ಬಂದಿದ್ದು.

ಇನ್ನೊಂದು ಬೇರು ಇನ್ನೂ ಹಳೆಯದು. ಇಂಗ್ಲೆಂಡಿನ ಬೋಲ್ಟನ್ ಎಂಬ ಗಿರಣಿಗಳ ಊರಿನಲ್ಲಿ 1801ರಲ್ಲಿ ಹುಟ್ಟಿ, ಹದಿಹರೆಯದಲ್ಲಿ ಅಮೆರಿಕಕ್ಕೆ ಬಂದ ಥಾಮಸ್ ಕೋಲ್. ಕಾರ್ಖಾನೆಯ ಹೊಗೆ ಕಾಡನ್ನು ಏನು ಮಾಡುತ್ತದೆ ಎಂದು ಅವರು ಹತ್ತಿರದಿಂದ ಕಂಡಿದ್ದರು. 1833ರಿಂದ 1836ರವರೆಗೆ ಅವರು ಬರೆದ 'ದಿ ಕೋರ್ಸ್ ಆಫ್ ಎಂಪೈರ್' ಸರಣಿಯಲ್ಲಿ ಐದು ಚಿತ್ರಗಳಿವೆ. ಒಂದೇ ಕೊಲ್ಲಿ, ಹಿಂದೆ ಅದೇ ಬೆಟ್ಟ. ಮೊದಲ ಚಿತ್ರದಲ್ಲಿ ಬೇಟೆಗಾರರು. ಎರಡನೆಯದರಲ್ಲಿ ಕುರಿ ಕಾಯುವವರು. ಮೂರನೆಯದರಲ್ಲಿ ಅಮೃತಶಿಲೆಯ ಮಹಾನಗರ. ನಾಲ್ಕರಲ್ಲಿ ಯುದ್ಧ, ಬೆಂಕಿ. ಐದರಲ್ಲಿ ಬಳ್ಳಿ ಹಬ್ಬಿದ ಒಂಟಿ ಕಂಬ, ಅದರ ಮೇಲೆ ಹಕ್ಕಿಯ ಗೂಡು.

ಕೋಲ್ ಅವರ ಐದನೇ ಚಿತ್ರ ನೋಡಿದರೆ ಮನಸ್ಸಿಗೆ ತಂಪು ಅನಿಸುತ್ತದೆ. ಮನುಷ್ಯ ಹೋದ, ಕಾಡು ಮರಳಿತು, ಎಲ್ಲ ಮೊದಲಿನಂತಾಯಿತು. ರಾಕ್‌ಮನ್ ಆ ಸಮಾಧಾನವನ್ನು ಕೊಡುವುದಿಲ್ಲ. ಅವರ ಚಿತ್ರಗಳಲ್ಲಿ ಮರಳಿ ಬರುವುದು ಹಳೆಯ ಕಾಡಲ್ಲ. ಬರುವುದು ಹೊಸ ಜೀವಜಾಲ. ನಮ್ಮ ಹಡಗು, ನಮ್ಮ ಚರಂಡಿ, ನಮ್ಮ ಬಿಸಿಯಾದ ನೀರು, ಇವುಗಳಿಗೆ ಒಗ್ಗಿಕೊಂಡವು ಮಾತ್ರ ಅಲ್ಲಿರುತ್ತವೆ. ಇಲಿ, ಜಿರಳೆ, ಕಡಲ ಹಕ್ಕಿ, ಕಳೆಗಿಡ. ಇವೂ ಗಟ್ಟಿ ಜೀವಗಳೇ, ಅವುಗಳನ್ನು ಹೀಗಳೆಯಬೇಕಿಲ್ಲ. ರಾಕ್‌ಮನ್ ಅವುಗಳನ್ನು ಹುಲಿ ಸಿಂಹಕ್ಕೆ ಕೊಡುವಷ್ಟೇ ಮರ್ಯಾದೆ ಕೊಟ್ಟು ಬರೆಯುತ್ತಾರೆ. ಆದರೆ ಅವು ಉಳಿದ ಮಾತ್ರಕ್ಕೆ ಪ್ರಕೃತಿ ಉಳಿಯಿತು ಎನ್ನಲು ಬರುವುದಿಲ್ಲ.

2000ದಲ್ಲಿ ಬರೆದ 'ದಿ ಫಾರ್ಮ್' ಕೂಡ ಇದೇ ದಾರಿಯದ್ದು. ಸೋಯಾ ಹೊಲ. ಎಡಗಡೆ ಹಂದಿ, ದನ, ಕೋಳಿಯ ಕಾಡು ಪೂರ್ವಜರು. ಬಲಗಡೆಗೆ ಬರುತ್ತಾ ಬರುತ್ತಾ ಅವು ಮನುಷ್ಯನಿಗೆ ಬೇಕಾದ ಆಕಾರಕ್ಕೆ ತಿರುಗುತ್ತವೆ. ಚೌಕಾಕಾರದ ಟೊಮೆಟೊ, ಪೆಟ್ಟಿಗೆಯಂಥ ಹಸು, ಗರಿಯಿಲ್ಲದೆ ರೆಕ್ಕೆ ಮಾತ್ರ ಜಾಸ್ತಿ ಇರುವ ಕೋಳಿ. ಬೆನ್ನ ಮೇಲೆ ಕಿವಿ ಬೆಳೆದ ಇಲಿಯೂ ಇದೆ. ಅದು ಕಟ್ಟುಕಥೆಯಲ್ಲ, 1997ರಲ್ಲಿ ಪ್ರಯೋಗಾಲಯದ ಅಂಥ ಇಲಿಯ ಫೋಟೊ ಪ್ರಪಂಚವೆಲ್ಲ ಸುತ್ತಿತ್ತು. ಈ ಚಿತ್ರವನ್ನು ಮ್ಯಾನ್‌ಹಟನ್‌ನಲ್ಲಿ ರಸ್ತೆ ಬದಿ ದೊಡ್ಡ ಜಾಹೀರಾತು ಫಲಕದಂತೆಯೂ ಹಾಕಿದ್ದರು. ನನಗೆ ಇದು ಅಷ್ಟಾಗಿ ಹಿಡಿಸಿದ ಚಿತ್ರವಲ್ಲ. ಹೇಳಬೇಕಾದ್ದನ್ನು ಸ್ವಲ್ಪ ಬೇಗ ಹೇಳಿ ಮುಗಿಸುತ್ತದೆ.

ರಾಕ್‌ಮನ್ ಅವರ ಕೆಲಸದಲ್ಲಿ ನಿಜವಾಗಿ ನಿಂತು ನೋಡಬೇಕಾದ್ದು 2018ರ ಜನವರಿಯಲ್ಲಿ ಮಿಶಿಗನ್ ರಾಜ್ಯದ ಗ್ರ್ಯಾಂಡ್ ರಾಪಿಡ್ಸ್ ಆರ್ಟ್ ಮ್ಯೂಸಿಯಂನಲ್ಲಿ ಶುರುವಾದ 'ದಿ ಗ್ರೇಟ್ ಲೇಕ್ಸ್ ಸೈಕಲ್'. ಇಲ್ಲೂ ಐದು ದೊಡ್ಡ ಚಿತ್ರಗಳು. ಪ್ರತಿಯೊಂದೂ 12 ಅಡಿ ಉದ್ದ, 6 ಅಡಿ ಎತ್ತರ. ಪಯೊನಿಯರ್ಸ್, ಕ್ಯಾಸ್ಕೇಡ್, ಸ್ಫಿಯರ್ಸ್ ಆಫ್ ಇನ್‌ಫ್ಲುಯೆನ್ಸ್, ವಾಟರ್‌ಶೆಡ್, ಫೋರ್ಸಸ್ ಆಫ್ ಚೇಂಜ್ ಎಂದು ಹೆಸರು. ಎಡದಿಂದ ಬಲಕ್ಕೆ ನೋಡುತ್ತಾ ಹೋದರೆ ಕಾಲ ಮುಂದೆ ಸರಿಯುತ್ತದೆ. ಹಿಮಯುಗದ ಕೊನೆ ಒಂದು ತುದಿಯಲ್ಲಿ, ನಾಳೆ ಇನ್ನೊಂದು ತುದಿಯಲ್ಲಿ.

ವಿಷಯ ಏನೆಂದರೆ ಅಮೆರಿಕ ಮತ್ತು ಕೆನಡಾ ನಡುವಿನ ಐದು ಮಹಾಸರೋವರಗಳು: ಸುಪೀರಿಯರ್, ಮಿಶಿಗನ್, ಹ್ಯೂರಾನ್, ಈರಿ, ಒಂಟಾರಿಯೊ. ಭೂಮಿಯ ಮೇಲ್ಮೈಯಲ್ಲಿರುವ ಸಿಹಿನೀರಿನ ಸುಮಾರು ಐದನೇ ಒಂದು ಪಾಲು ಇಲ್ಲೇ ಇದೆ. ಮೂರು ಕೋಟಿಗೂ ಹೆಚ್ಚು ಜನರಿಗೆ ಇದೇ ಕುಡಿಯುವ ನೀರು. 180ಕ್ಕೂ ಹೆಚ್ಚು ಹೊರಗಿನ ಜೀವಜಾತಿಗಳು ಈ ಸರೋವರಗಳಿಗೆ ಬಂದು ನೆಲೆಸಿವೆ. ರಾಕ್‌ಮನ್ 2013ರಲ್ಲಿ ಈ ಸರೋವರಗಳ ಸುತ್ತ ತಿರುಗಾಡಿದರು, ಅಲ್ಲಿನ ವಿಜ್ಞಾನಿಗಳ ಜೊತೆ ಮಾತಾಡಿದರು.

ಅವರ ಚಿತ್ರಗಳ ಹಿಂದಿನ ಕಥೆ ಅರ್ಥವಾಗಲು ಒಂದು ಮೀನಿನ ವಿಷಯ ತಿಳಿದರೆ ಸಾಕು. ಲ್ಯಾಂಪ್ರೆ. ನೋಡಲು ಹಾವುಮೀನಿನ ಹಾಗೆ. ಇದಕ್ಕೆ ದವಡೆ ಇಲ್ಲ. ಬಾಯಿ ಎಂದರೆ ದುಂಡಗಿನ ಒಂದು ಬಟ್ಟಲು, ಒಳಗೆ ಸುತ್ತಲೂ ಹಲ್ಲಿನ ಸಾಲು. ದೊಡ್ಡ ಮೀನಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಅಟ್ಲಾಂಟಿಕ್ ಸಾಗರದ ಜೀವ ಇದು. ಮೇಲಿನ ಸರೋವರಗಳಿಗೆ ಬರಲು ಅದಕ್ಕೆ ದಾರಿ ಇರಲಿಲ್ಲ, ಏಕೆಂದರೆ ನಡುವೆ ನಯಾಗರಾ ಜಲಪಾತ ಇತ್ತು. ಜಲಪಾತ ಹಡಗಿಗೂ ಅಡ್ಡಿ. ಹಾಗಾಗಿ 1829ರಲ್ಲಿ ಜಲಪಾತವನ್ನು ಬಳಸಿ ಹೋಗುವ ವೆಲ್ಲಂಡ್ ಕಾಲುವೆ ತೋಡಿದರು. ವ್ಯಾಪಾರ ಬೆಳೆಯಿತು, ಊರುಗಳು ಬೆಳೆದವು. 20ನೇ ಶತಮಾನದ ಆರಂಭದಲ್ಲಿ ಕಾಲುವೆಯನ್ನು ದೊಡ್ಡದು ಮಾಡಿದರು. 1921ರಲ್ಲಿ ಈರಿ ಸರೋವರದಲ್ಲಿ ಲ್ಯಾಂಪ್ರೆ ಸಿಕ್ಕಿತು. 1930ರ ದಶಕದ ಕೊನೆಯ ಹೊತ್ತಿಗೆ ಐದೂ ಸರೋವರಗಳಲ್ಲಿ ಇತ್ತು.

ಒಂದು ಲ್ಯಾಂಪ್ರೆ ತನ್ನ ಆಯುಸ್ಸಿನಲ್ಲಿ 18 ಕಿಲೋವರೆಗೆ ಮೀನನ್ನು ಕೊಲ್ಲಬಲ್ಲದು. ಮೇಲಿನ ಸರೋವರಗಳಲ್ಲಿ ಲೇಕ್ ಟ್ರೌಟ್ ಎಂಬ ಮೀನನ್ನು ವರ್ಷಕ್ಕೆ ಸುಮಾರು 6800 ಟನ್ ಹಿಡಿಯುತ್ತಿದ್ದರು. 1960ರ ದಶಕದ ಆರಂಭದಲ್ಲಿ ಅದು 140 ಟನ್ ಆಸುಪಾಸಿಗೆ ಇಳಿಯಿತು. ಮಿತಿಮೀರಿದ ಮೀನುಗಾರಿಕೆ ಮೊದಲೇ ಆ ಮೀನನ್ನು ಸೊರಗಿಸಿತ್ತು, ಲ್ಯಾಂಪ್ರೆ ಕೊನೆಯ ಪೆಟ್ಟು ಕೊಟ್ಟಿತು. ಟ್ರೌಟ್ ಹೋದ ಮೇಲೆ ಅದು ತಿನ್ನುತ್ತಿದ್ದ ಏಲ್‌ವೈಫ್ ಎಂಬ ಸಣ್ಣ ಮೀನಿಗೆ ಕಡಿವಾಣ ತಪ್ಪಿತು. ಅದೂ ಹೊರಗಿನಿಂದ ಬಂದದ್ದೇ. 1967ರಲ್ಲಿ ಅವು ರಾಶಿ ರಾಶಿ ಸತ್ತು ಮಿಶಿಗನ್ ಸರೋವರದ ದಂಡೆಗೆ ಬಂದು ಬಿದ್ದವು. ಒಂದು ಕಲ್ಲು ಉರುಳಿದರೆ ಸಾಲಾಗಿ ಎಲ್ಲವೂ ಉರುಳುತ್ತವೆ. ರಾಕ್‌ಮನ್ ಅವರ ಎರಡನೇ ಚಿತ್ರಕ್ಕೆ ಕ್ಯಾಸ್ಕೇಡ್, ಅಂದರೆ ಒಂದರ ಹಿಂದೆ ಒಂದು ಉರುಳುವುದು, ಎಂಬ ಹೆಸರು ಬಂದದ್ದು ಯಾಕೆ ಎಂದು ಈಗ ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ವಿಜ್ಞಾನದ ಕಡೆಗೊಮ್ಮೆ ತಿರುಗಬೇಕು. ಪರಿಸರದ ತಾಳಿಕೆ ಎಂಬ ಮಾತಿಗೆ ಖಚಿತ ಅರ್ಥ ಕೊಟ್ಟಿದ್ದು ಕೆನಡಾದ ಪರಿಸರ ವಿಜ್ಞಾನಿ ಸಿ.ಎಸ್. ಹಾಲಿಂಗ್, 1973ರ ಒಂದು ಲೇಖನದಲ್ಲಿ. ಅವರು ಕೊಟ್ಟ ಉದಾಹರಣೆಗಳಲ್ಲಿ ಇದೇ ಮಹಾಸರೋವರಗಳ ಮೀನುಗಾರಿಕೆಯೂ ಇದೆ. ಅವರ ಮಾತನ್ನು ಸರಳವಾಗಿ ಹೀಗೆ ಹೇಳಬಹುದು. ತಾಳಿಕೆ ಎಂದರೆ ಅಲ್ಲಾಡದೆ ನಿಲ್ಲುವುದಲ್ಲ. ಎಷ್ಟು ಪೆಟ್ಟು ತಿಂದರೂ ತನ್ನ ಒಳಗಿನ ಸಂಬಂಧಗಳನ್ನು ಕಳೆದುಕೊಳ್ಳದೆ ಇರುವ ಶಕ್ತಿ. ಒಂದು ಮಿತಿಯವರೆಗೆ ಕೆರೆ ಪೆಟ್ಟು ತಡೆದುಕೊಳ್ಳುತ್ತದೆ. ಆ ಮಿತಿ ದಾಟಿತೋ, ಅದು ಇನ್ನೊಂದು ಸ್ಥಿತಿಗೆ ಜಾರುತ್ತದೆ. ಕೆಟ್ಟದ್ದು ಏನೆಂದರೆ, ಆ ಹೊಸ ಸ್ಥಿತಿಗೂ ಅದರದ್ದೇ ಗಟ್ಟಿತನ ಇರುತ್ತದೆ. ಕೊಳೆತ ಕೆರೆಯೂ ತಾಳಿಕೆ ಬರುತ್ತದೆ. ಅದನ್ನು ಹಿಂದಕ್ಕೆ ತರುವುದು ಕೆಡಿಸಿದಷ್ಟು ಸುಲಭ ಅಲ್ಲವೇ ಅಲ್ಲ.

ಜೀಬ್ರಾ ಮಸಲ್ ಎಂಬ ಉಗುರಿನಷ್ಟು ದೊಡ್ಡ ಕಪ್ಪೆಚಿಪ್ಪನ್ನೇ ನೋಡಿ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯದು. ಸರಕು ಇಲ್ಲದಾಗ ಹಡಗು ವಾಲದಿರಲಿ ಎಂದು ಹೊಟ್ಟೆಯಲ್ಲಿ ತುಂಬಿಕೊಳ್ಳುವ ನೀರಿನಲ್ಲಿ ಅಡಗಿ ಬಂದು, 1988ರಲ್ಲಿ ಹ್ಯೂರಾನ್ ಮತ್ತು ಈರಿ ನಡುವಿನ ಸೇಂಟ್ ಕ್ಲೇರ್ ಸರೋವರದಲ್ಲಿ ಪತ್ತೆಯಾಯಿತು. ಒಂದೊಂದು ಚಿಪ್ಪು ದಿನಕ್ಕೆ ಸುಮಾರು ಒಂದು ಲೀಟರ್ ನೀರನ್ನು ಸೋಸುತ್ತದೆ. ಇವು, ಇವುಗಳ ಹಿಂದೆ ಬಂದ ಕ್ವಾಗಾ ಮಸಲ್‌ಗಳು, ಕೋಟಿ ಕೋಟಿ ಸೇರಿ ಸೋಸಿದ ಮೇಲೆ ನೀರು ಕನ್ನಡಿಯಂತಾಯಿತು. ಆಹಾ, ಸರೋವರ ಎಷ್ಟು ಸ್ವಚ್ಛ ಆಯಿತು ಅನಿಸುವುದು ಸಹಜ. ಆದರೆ ಸೋಸಿ ತೆಗೆದದ್ದು ಏನನ್ನು? ಮೀನಿನ ಮರಿಗಳ ಆಹಾರವನ್ನು. ತಿಳಿ ನೀರು ಎಂದರೆ ಇಲ್ಲಿ ಖಾಲಿ ಬಟ್ಟಲು. ಚೆಂದ ಕಾಣುವುದೆಲ್ಲ ಆರೋಗ್ಯ ಅಲ್ಲ ಎಂಬುದನ್ನು ತೋರಿಸಲು ನೀರಿನ ಅಡಿಯನ್ನೂ ಬರೆಯುವ ಚಿತ್ರಕಾರ ಬೇಕಾಗುತ್ತದೆ. ದಂಡೆಯಲ್ಲಿ ನಿಂತು ತೆಗೆದ ಫೋಟೊದಲ್ಲಿ ಇದು ಎಂದೂ ಕಾಣುವುದಿಲ್ಲ.

ವಾಟರ್‌ಶೆಡ್ ಎಂಬ ಚಿತ್ರ ನಮಗೆ ಇನ್ನೂ ಹತ್ತಿರದ್ದು. ಹೊಲದ ಗೊಬ್ಬರ, ದನದ ಫಾರಂಗಳ ಗಲೀಜು, ಊರಿನ ಚರಂಡಿ ಎಲ್ಲ ಸರೋವರಕ್ಕೆ ಹರಿದು ನೀರು ಹಸಿರಾಗುವ ಕಥೆ. 2014ರ ಆಗಸ್ಟ್‌ನಲ್ಲಿ ಈರಿ ದಂಡೆಯ ಟೊಲೀಡೊ ನಗರದಲ್ಲಿ ಇದು ನಡೆದೇ ಹೋಯಿತು. ಪಾಚಿಯ ವಿಷ ನಲ್ಲಿಯವರೆಗೆ ಬಂತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ ಎರಡು ಮೂರು ದಿನ ನಲ್ಲಿ ನೀರು ಕುಡಿಯಬೇಡಿ ಎಂದು ಹೇಳಬೇಕಾಯಿತು. ಕಾಯಿಸಿ ಕುಡಿಯುವಂತೆಯೂ ಇರಲಿಲ್ಲ, ಕಾಯಿಸಿದರೆ ಆ ವಿಷ ಇನ್ನೂ ಗಾಢವಾಗುತ್ತದೆ. ಜಗತ್ತಿನ ಅತಿ ದೊಡ್ಡ ಸಿಹಿನೀರಿನ ಸರೋವರ ಗುಂಪಿನ ದಂಡೆಯಲ್ಲಿ ನಿಂತ ಜನ ಬಾಟಲಿ ನೀರಿಗೆ ಸಾಲು ಹಚ್ಚಿದರು.

ಇದೇ ಸರೋವರಕ್ಕೆ ಸೇರುವ ಕಯಹೊಗಾ ನದಿ 1969ರ ಜೂನ್ 22ರಂದು ಕ್ಲೀವ್‌ಲ್ಯಾಂಡ್ ಊರಿನಲ್ಲಿ ಹೊತ್ತಿ ಉರಿದಿತ್ತು. ನೀರಿಗೆ ಬೆಂಕಿ ಬೀಳುವುದು ಎಂದರೆ ಏನೆಂದು ಬೆಂಗಳೂರಿನವರಿಗೆ ವಿವರಿಸಬೇಕಿಲ್ಲ. ಬೆಳ್ಳಂದೂರು ಕೆರೆ 2017ರ ಫೆಬ್ರವರಿಯಲ್ಲಿ ಉರಿಯಿತು, 2018ರ ಜನವರಿಯಲ್ಲಿ ಮತ್ತೆ ಉರಿಯಿತು. ಕಯಹೊಗಾ ಬೆಂಕಿಯ ನಂತರ ಅಮೆರಿಕದಲ್ಲಿ ಏನಾಯಿತು ಎಂಬುದು ಮುಖ್ಯ. 1970ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಹುಟ್ಟಿತು. 1972ರಲ್ಲಿ ಶುದ್ಧ ನೀರಿನ ಕಾಯಿದೆ ಬಂತು. ಅದೇ ವರ್ಷ ಅಮೆರಿಕ ಮತ್ತು ಕೆನಡಾ ಸರೋವರಗಳ ನೀರಿನ ಗುಣಮಟ್ಟದ ಬಗ್ಗೆ ಒಪ್ಪಂದ ಮಾಡಿಕೊಂಡವು. ಈಗ ಆ ನದಿಯಲ್ಲಿ ಮೀನುಗಳಿವೆ. ನದಿ ತಾನಾಗಿ ಚೇತರಿಸಿಕೊಂಡಿದ್ದಲ್ಲ, ಜನ ಕೂತು ಕಾನೂನು ಬರೆದು, ಹಣ ಹಾಕಿ, ಕಾರ್ಖಾನೆಗಳ ಕೊಳವೆ ಬಂದ್ ಮಾಡಿಸಿದ್ದು.

ಲ್ಯಾಂಪ್ರೆ ಕಥೆಯೂ ಹಾಗೆಯೇ ಮುಂದುವರಿಯುತ್ತದೆ. 1955ರಲ್ಲಿ ಎರಡೂ ದೇಶಗಳು ಸೇರಿ ಮಹಾಸರೋವರಗಳ ಮೀನುಗಾರಿಕೆ ಆಯೋಗ ಕಟ್ಟಿದವು. ವಿಜ್ಞಾನಿಗಳು ಸುಮಾರು 6000 ರಾಸಾಯನಿಕಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದರು. ಬೇರೆ ಮೀನುಗಳಿಗೆ ಹೆಚ್ಚು ತೊಂದರೆ ಮಾಡದೆ ಲ್ಯಾಂಪ್ರೆ ಮರಿಗಳನ್ನು ಮಾತ್ರ ಕೊಲ್ಲುವ ಒಂದು ಔಷಧ ಸಿಕ್ಕಿತು. 1958ರಿಂದ ಅದನ್ನು ತೊರೆಗಳಿಗೆ ಬಿಡುತ್ತಾ ಬಂದಿದ್ದಾರೆ. ಲ್ಯಾಂಪ್ರೆ ಶೇಕಡ 90ರಷ್ಟು ಕಡಿಮೆಯಾಯಿತು. 2024ರ ನವೆಂಬರ್‌ನಲ್ಲಿ, ಸುಪೀರಿಯರ್ ಸರೋವರದ ಬಹುಭಾಗದಲ್ಲಿ ಲೇಕ್ ಟ್ರೌಟ್ ಪೂರ್ತಿ ಮರಳಿದೆ ಎಂದು ಆಯೋಗ ಘೋಷಿಸಿತು. ಎಣಿಸಿ ನೋಡಿ, 65 ವರ್ಷಕ್ಕೂ ಹೆಚ್ಚು ಕಾಲದ ಬಿಡದ ಕೆಲಸ.

ಈಗ 2020ರ ಲಾಕ್‌ಡೌನ್ ನೆನಪು ಮಾಡಿಕೊಳ್ಳೋಣ. ಪ್ರಕೃತಿ ಉಸಿರಾಡುತ್ತಿದೆ, ಭೂಮಿ ವಾಸಿಯಾಗುತ್ತಿದೆ, ಮನುಷ್ಯ ಸುಮ್ಮನಿದ್ದರೆ ಸಾಕು ಎಂಬ ಸಂದೇಶಗಳು ಎಲ್ಲರ ಫೋನಿಗೂ ಬಂದವು. ವೆನಿಸ್ ಕಾಲುವೆಗೆ ಡಾಲ್ಫಿನ್ ಬಂತು ಎಂಬ ಸುದ್ದಿ ಸುಳ್ಳೆಂದು ಗೊತ್ತಾದ ಮೇಲೂ ಓಡಾಡಿತು. ಅದೇ ಹೊತ್ತಿನಲ್ಲಿ ಮಹಾಸರೋವರಗಳ ತೊರೆಗಳಲ್ಲಿ ಏನಾಗುತ್ತಿತ್ತು ಗೊತ್ತಾ? ಲ್ಯಾಂಪ್ರೆ ನಿಯಂತ್ರಣದ ಸಿಬ್ಬಂದಿ ಪ್ರಯಾಣ ಮಾಡುವಂತಿರಲಿಲ್ಲ. 2020ರ ಬಹುಪಾಲು ಕೆಲಸ ನಿಂತಿತು, 2021ರಲ್ಲೂ ಪೂರ್ತಿ ಆಗಲಿಲ್ಲ. ಲ್ಯಾಂಪ್ರೆ ಮರಿಗಳು ತೊರೆಯ ಕೆಸರಿನಲ್ಲಿ ಹಲವು ವರ್ಷ ಹುದುಗಿದ್ದು ಆಮೇಲೆ ಸರೋವರಕ್ಕೆ ಇಳಿಯುತ್ತವೆ. ಹಾಗಾಗಿ ಆ ವರ್ಷಗಳ ಬಿಡುವಿನ ಫಲ ಮುಂದಿನ ವರ್ಷಗಳಲ್ಲಿ ಕಾಣಿಸಿತು. ಲ್ಯಾಂಪ್ರೆ ಮತ್ತೆ ಏರಿತು.

ನನ್ನ ವಾದ ಇರುವುದು ಇಲ್ಲೇ. ಚೇತರಿಕೆಯಲ್ಲಿ ಎರಡು ಬಗೆ. ಒಂದು ಕಳೆಯ ಚೇತರಿಕೆ. ಅದಕ್ಕೆ ಯಾರ ಸಹಾಯವೂ ಬೇಡ, ನಾವು ಕೆಡಿಸಿದಷ್ಟೂ ಅದಕ್ಕೆ ಜಾಗ ಸಿಗುತ್ತದೆ. ಇನ್ನೊಂದು ಆರೈಕೆಯ ಚೇತರಿಕೆ. ಲೇಕ್ ಟ್ರೌಟ್‌ನದ್ದು ಅಂಥದ್ದು. ಅದು ನಿಂತಿರುವುದು ತೊರೆಗೆ ಇಳಿದು ಕೆಲಸ ಮಾಡುವ ಜನರ ಮೇಲೆ. ಪ್ರಕೃತಿ ತಾನೇ ಸರಿ ಮಾಡಿಕೊಳ್ಳುತ್ತೆ ಬಿಡಿ ಎನ್ನುವವರು ಮೊದಲನೆಯದನ್ನು ತೋರಿಸಿ ಎರಡನೆಯದು ಎಂದು ನಂಬಿಸುತ್ತಾರೆ. 'ಮ್ಯಾನಿಫೆಸ್ಟ್ ಡೆಸ್ಟಿನಿ'ಯ ಮೀನುಗಳು ಮೊದಲನೆಯ ಬಗೆ. ಗ್ರೇಟ್ ಲೇಕ್ಸ್ ಚಿತ್ರಗಳಲ್ಲಿ ಎರಡೂ ಬೆರೆತಿವೆ. ಅದಕ್ಕೇ ನನಗೆ ಅವು ಇನ್ನೂ ಪ್ರಾಮಾಣಿಕ ಅನಿಸುತ್ತವೆ.

ರಾಕ್‌ಮನ್ ಬಗ್ಗೆ ಒಂದು ತಕರಾರೂ ಇದೆ, ಹೇಳದೆ ಬಿಡುವಂತಿಲ್ಲ. ಅವರ ಮುಳುಗಿದ ನಗರದಲ್ಲಿ ಎಲ್ಲರೂ ಒಂದೇ ಸಮನಾಗಿ ಮುಳುಗಿದ್ದಾರೆ. ಮನುಷ್ಯ ಎಂದು ಒಂದೇ ಮಾತಿನಲ್ಲಿ ಎಲ್ಲರ ಮೇಲೂ ತಪ್ಪು ಹೊರಿಸಿದಂತೆ ಆಗುತ್ತದೆ. ಸ್ಯಾಂಡಿ ಬಂದಾಗ ಹಾಗಾಗಲಿಲ್ಲ. ರೆಡ್ ಹುಕ್‌ನ ಸರಕಾರಿ ವಸತಿ ಕಟ್ಟಡಗಳಲ್ಲಿದ್ದ ಬಡವರು ಚಳಿಯಲ್ಲಿ ವಾರಗಟ್ಟಲೆ ಕರೆಂಟು, ಬಿಸಿನೀರು ಇಲ್ಲದೆ ಕಳೆದರು. ಮಹಾಸರೋವರಗಳ ದಂಡೆಯಲ್ಲಿ ಒಜಿಬ್ವೆ, ಒಡಾವಾ, ಪೊಟವಾಟಮಿ ಜನ ತಲೆತಲಾಂತರದಿಂದ ಮೀನು ಹಿಡಿದು ಬಾಳಿದ್ದರು. ಕಾಲುವೆ ತೋಡಿದ್ದು ಅವರಲ್ಲ. ಗ್ಯಾಸ್ಟ್ ಚಿತ್ರದಲ್ಲಿ ಕತ್ತಲಿಗೆ ಓಡಿಸಿದ ಜನರನ್ನು ರಾಕ್‌ಮನ್ ಮತ್ತೆ ಬೆಳಕಿಗೆ ಕರೆತಂದಿದ್ದಾರಾ ಎಂದು ಕೇಳಿದರೆ, ಸಾಕಷ್ಟು ಅಲ್ಲ ಎಂದೇ ಹೇಳಬೇಕಾಗುತ್ತದೆ.

ಇನ್ನೊಂದು ತಕರಾರು ಅಂದದ ಬಗ್ಗೆ. ಆ ಕಿತ್ತಳೆ ಆಕಾಶ ನೋಡಲು ಬಹಳ ಚೆಂದ. ಪ್ರಳಯವನ್ನು ಇಷ್ಟು ಚೆಂದ ಮಾಡಬಹುದಾ? ಈ ಪ್ರಶ್ನೆ ನನ್ನನ್ನೂ ಕಾಡಿದೆ. ಚೆಂದ ಇದ್ದರೆ ಮಾತ್ರ ಜನ ನಿಲ್ಲುತ್ತಾರೆ, ನಿಂತರೆ ಮಾತ್ರ ಆ ವೈರಸ್, ಆ ಲ್ಯಾಂಪ್ರೆ ಕಣ್ಣಿಗೆ ಬೀಳುತ್ತವೆ. ಒಂದು ಅಂಕಿ ನೋಡಿ: 1901ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. ಇಷ್ಟೇನಾ ಅನಿಸುತ್ತದೆ. ಅಂಕಿ ಸುಳ್ಳು ಹೇಳುವುದಿಲ್ಲ, ಆದರೆ ಕಾಲವನ್ನು ಕಣ್ಣಿಗೆ ಕಟ್ಟುವುದೂ ಇಲ್ಲ. ಚಿತ್ರ ಆ ಕೆಲಸ ಮಾಡುತ್ತದೆ. ಫೋನಿನ ಪರದೆಯಲ್ಲಿ ನೋಡುವುದಾದರೆ ಒಂದೊಂದು ಮೂಲೆಯನ್ನು ದೊಡ್ಡದು ಮಾಡಿಕೊಂಡು ನಿಧಾನಕ್ಕೆ ನೋಡಿ. ಪೂರ್ತಿ ಚಿತ್ರ ಒಂದೇ ಸಲಕ್ಕೆ ನೋಡಿದರೆ ಬರೀ ಸೂರ್ಯಾಸ್ತ ಕಾಣುತ್ತದೆ.

ನಮ್ಮ ಕಡೆಯಿಂದ ನ್ಯೂಯಾರ್ಕಿಗೆ ಹೋದ ಒಂದು ಉತ್ತರವೂ ಇದೆ. ಬ್ರಿಟಿಷರು 19ನೇ ಶತಮಾನದ ಆರಂಭದಲ್ಲಿ ತೋಟದ ಅಂದಕ್ಕೆಂದು ತಂದ ಲಂಟಾನ ಈಗ ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದ ತುಂಬ ಹಬ್ಬಿದೆ. ಅಡಿಯಲ್ಲಿ ಹುಲ್ಲು ಬೆಳೆಯುವುದಿಲ್ಲ, ಜಿಂಕೆ ಆನೆಗಳಿಗೆ ಮೇವಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದಕ್ಕೆ ಕಾರಣ ಹೇಳುತ್ತಾರೆ. ಅವರು ಮೊದಲು ಬೇಸಿಗೆಯ ಆರಂಭದಲ್ಲಿ ತರಗುಬೆಂಕಿ ಹಾಕುತ್ತಿದ್ದರು. ಒಣಗಿದ ತರಗೆಲೆಯಷ್ಟೇ ಉರಿದು ಹೋಗುವ ಸಣ್ಣ ಬೆಂಕಿ. 1974ರಲ್ಲಿ ಆ ಕಾಡು ವನ್ಯಧಾಮವಾಯಿತು, ತರಗುಬೆಂಕಿ ನಿಂತಿತು, ಲಂಟಾನ ಏರಿತು ಎಂಬುದು ಅವರ ಅನುಭವ. ತೊರೆಗೆ ಇಳಿಯುವ ಕೈ ನಿಂತಾಗ ಲ್ಯಾಂಪ್ರೆ ಏರಿದ ಹಾಗೆಯೇ. ಕಾಡನ್ನು ಸುಮ್ನೆ ಬಿಟ್ಟರೆ ಸಾಕು ಎಂಬ ಲೆಕ್ಕ ಇಲ್ಲೂ ತಪ್ಪಿತು.

ಅದೇ ಲಂಟಾನದ ಗಟ್ಟಿ ಕಡ್ಡಿಗಳನ್ನು ಕುಯ್ದು, ಬೇಯಿಸಿ, ಬಗ್ಗಿಸಿ ನೀಲಗಿರಿಯ ಸುತ್ತಲಿನ ಬೆಟ್ಟ ಕುರುಬ, ಪಣಿಯ, ಸೋಲಿಗ ಮುಂತಾದ ಸಮುದಾಯಗಳ ಕುಶಲಕರ್ಮಿಗಳು ನಿಜವಾದ ಆನೆಯ ಗಾತ್ರದ ಆನೆಗಳನ್ನು ಮಾಡಿದರು. ಅಂಥ 100 ಆನೆಗಳು 2024ರಲ್ಲಿ ಅಮೆರಿಕ ಸುತ್ತಲು ಹೊರಟವು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಮ್ಯಾನ್‌ಹಟನ್‌ನ ಬೀದಿಗಳಲ್ಲಿ ನಿಂತಿದ್ದವು. ರಾಕ್‌ಮನ್ ಹುಟ್ಟಿ ಬೆಳೆದ ಊರಿನಲ್ಲಿ. ಒಂದು ಕಡೆ ಗೆದ್ದ ಕಳೆಯನ್ನು ಎಣ್ಣೆಬಣ್ಣದಲ್ಲಿ ಬರೆಯುವ ಚಿತ್ರಕಾರ, ಇನ್ನೊಂದು ಕಡೆ ಗೆದ್ದ ಕಳೆಯನ್ನೇ ಕೈಯಲ್ಲಿ ಹಿಡಿದು ಆನೆ ಮಾಡುವ ಜನ. ಇಬ್ಬರನ್ನೂ ಒಟ್ಟಿಗೆ ನೋಡುವ ಪ್ರದರ್ಶನ ಒಂದಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಹಾಗೆ ನೋಡಿದರೆ ರಾಕ್‌ಮನ್ ಕೂಡ ಬಣ್ಣದಲ್ಲಿ ಮಾತ್ರ ಬರೆದವರಲ್ಲ. 1994ರಲ್ಲಿ ಗಯಾನಾದ ಮಳೆಕಾಡಿಗೆ ಹೋಗಿದ್ದಾಗಿನಿಂದ ಅವರಿಗೆ ಒಂದು ರೂಢಿ ಇದೆ. ಹೋದ ಜಾಗದ ಮಣ್ಣನ್ನೇ ತೆಗೆದುಕೊಂಡು ಅಲ್ಲಿನ ಪ್ರಾಣಿ ಸಸ್ಯಗಳನ್ನು ಕಾಗದದ ಮೇಲೆ ಬರೆಯುವುದು. ಮಹಾಸರೋವರಗಳ ಸುತ್ತಲಿನ ತಿರುಗಾಟದಲ್ಲೂ ದಂಡೆಯ ಮರಳು, ಮಣ್ಣು, ಕಲ್ಲಿದ್ದಲಿನ ಪುಡಿ ತುಂಬಿಕೊಂಡು ಬಂದರು. ಅದಕ್ಕೆ ಅಂಟು ಬೆರೆಸಿ ಅಲ್ಲಿನ ಹಕ್ಕಿ, ಮೀನು, ಕೀಟಗಳನ್ನು ಬರೆದರು. 12 ಅಡಿಯ ದೊಡ್ಡ ಚಿತ್ರಗಳ ಗದ್ದಲ ಇವುಗಳಲ್ಲಿಲ್ಲ. ಬಿಳಿ ಕಾಗದ, ನಡುವೆ ಒಂದೇ ಒಂದು ಜೀವ. ಬಣ್ಣ ಎಂದರೆ ಆ ಮಣ್ಣು, ಮರಳು, ಕಲ್ಲಿದ್ದಲಿನದ್ದು ಮಾತ್ರ. ಹತ್ತಿರ ಹೋಗಿ ನೋಡಿದರೆ ರೆಕ್ಕೆಯ ಅಂಚಿನಲ್ಲಿ ಸರೋವರದ ಮರಳಿನ ಕಣಗಳು ಅಂಟಿಕೊಂಡಿರುತ್ತವೆ.